ಚೌರಪ್ಪ ಉಸಿರೆಳೆದ ಜಾಗ

ಆ ಹಾಡು ನಮ್ಮೂರಿಗೆ ಕಾಗದದಲ್ಲಿ ಬರಲಿಲ್ಲ.
ಕಚೇರಿಗೆ ಬಂದದ್ದು ಬರೇ ತಂತಿ:
ಇಪ್ಪತ್ತಾರಕ್ಕೆ ಬ್ಯಾಂಡು ನುಡಿಸತಕ್ಕದ್ದು.
ಏನನ್ನು ಅಂತ ಇತ್ತು. ಹೇಗೆ ಅಂತ ಇರಲಿಲ್ಲ.
ಉಳಿದದ್ದು ಎರಡೇ ರಾತ್ರಿ.

ಅಮಲ್ದಾರರ ಜವಾನ ದುರ್ಗಿಗುಡಿಯ ಓಣಿಯಲ್ಲಿ
ಸೈಕಲ್ಲಿಂದ ಇಳಿಯದೆ ಒಂದು ಕಾಲೂರಿ ನಿಂತು
‘ಗೊತ್ತೇನೋ ಚೌರಪ್ಪ, ಅದು ನಿಂಗೆ?’ ಅಂದ.
ಚೌರಪ್ಪ ಹುಣಿಸೆಹಣ್ಣು ಹಚ್ಚಿ ಕಾರ್ನೆಟ್ಟು ತಿಕ್ಕುತ್ತಿದ್ದ.
‘ಒಂದ್ಸಲ ಕಿವಿಗೆ ಬೀಳ್ಲಿ ಸ್ವಾಮಿ, ಸಾಕು.’

ರೇಡಿಯೊ ಇದ್ದದ್ದು ಕ್ಲಬ್ಬಿನಲ್ಲಿ.
ಒಳಗೆ ಹೋಗುವ ಹಾಗಿಲ್ಲ, ಹೋಗಬೇಡ ಅಂತ ಯಾರೂ ಹೇಳಿರಲೂ ಇಲ್ಲ.
ಕಿಟಕಿಯ ಕೆಳಗೆ, ಸೋಡಾ ಬಾಟಲಿಗಳ ರಾಶಿಯ ಪಕ್ಕ
ಕುಕ್ಕರಗಾಲಲ್ಲಿ ನಾವಿಬ್ಬರು.
ಅವನಿಗೆ ಅಕ್ಷರ ಬರುತ್ತಿರಲಿಲ್ಲ,
ಹತ್ತು ವರ್ಷದ ನನಗೆ ಸ್ವರ ಬರುತ್ತಿರಲಿಲ್ಲ.
ಸಿನಿಮಾ ಹ್ಯಾಂಡ್‌ಬಿಲ್ಲಿನ ಗುಲಾಬಿ ಬೆನ್ನ ಮೇಲೆ
ಅವನು ಪಿಸುಗುಟ್ಟಿದ್ದನ್ನು ಗೀಚಿದೆ.
ಇಸ್ಪೀಟಿನವರ ನಗುವಿನ ನಡುವೆ,
ಗೊರಗೊರದ ನಡುವೆ
ಎಷ್ಟು ‘ಗ’ ಬಂತು ಅಂತ ಲೆಕ್ಕ ತಪ್ಪಿದೆ.
‘ಇರ್ಲಿ ಬಿಡು ಮರಿ,’ ಅಂದ, ‘ನನ್ ಬೆರಳಿಗೆ ಗೊತ್ತಾಗಿದೆ.’

ಆ ರಾತ್ರಿ, ಮಾರನೇ ರಾತ್ರಿ
ತುಂಗೆಯ ಮರಳಲ್ಲಿ ಲಾಟೀನು ನೆಟ್ಟು ಕಲಿಸಿದ.
ಕ್ಷೌರದಂಗಡಿಯ ಮೂಡ್ಲಪ್ಪ ಕ್ಲಾರಿನೆಟ್ಟು,
ದರ್ಜಿ ರಂಗೋಜಿ ಸಣ್ಣ ಡ್ರಮ್ಮು,
ಬುಡೇನ್ ಸಾಬಿ ದೊಡ್ಡದು.
ಚಳಿಗೆ ಹಿತ್ತಾಳೆ ತುಟಿಗೆ ಕಚ್ಚುತ್ತಿತ್ತು.
ಮದುವೆಗೆ ನುಡಿಸಿ, ಹೆಣಕ್ಕೆ ನುಡಿಸಿ
ಪಳಗಿದ ಕೈಗಳು
ಎರಡೂ ಅಲ್ಲದ್ದಕ್ಕೆ ಹೇಗೆ ಬಾರಿಸಬೇಕೋ
ತಿಳಿಯದೆ ಒದ್ದಾಡಿದವು.
ಅವನು ಆಗಾಗ ಕೀಲಿ ಒತ್ತಿ
ಕೊಳವೆಯ ಎಂಜಲನ್ನು ಮರಳಿಗೆ ಸುರಿಯುತ್ತಿದ್ದ.

ಒಂದು ಹೇಳಬೇಕು.
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಸರಳು ಜಾರಿ
ಅವನ ಮುಂದಿನ ಹಲ್ಲೊಂದು ಹೋಗಿತ್ತು.
ಆ ಸಂದಿಯಲ್ಲಿ ಗಾಳಿ ಸೋರುತ್ತಿತ್ತು.
ಕೊನೆಯ ಏರಿಗೆ ಮುಂಚೆ
ಅವನಿಗೊಂದು ಉಸಿರು ಬೇಕು,
ಅರ್ಧ ಮಾತ್ರೆಯಷ್ಟು, ಹೆಚ್ಚಲ್ಲ.
ಹಾಡಿನಲ್ಲಿ ಆ ಜಾಗ ಇರಲಿಲ್ಲ. ಮಾಡಿಕೊಂಡ.

ಪೊಲೀಸು ಮೈದಾನ. ಕುರ್ಚಿಗಳ ಸಾಲು,
ಹಗ್ಗದ ಆಚೆ ಬ್ಯಾಂಡು.
ಬಾವುಟ ಏರಿತು, ಗಂಟು ಸ್ವಲ್ಪ ಸತಾಯಿಸಿತು,
ಬಿಚ್ಚಿತು.
ಮುನ್ನೂರು ಮಕ್ಕಳು ಕಾರ್ನೆಟ್ಟಿನ ಬೆನ್ನು ಹತ್ತಿ ಹಾಡಿದರು.
ಅವನು ನಿಂತಲ್ಲಿ ನಿಂತರು,
ಎಳೆದಲ್ಲಿ ಎಳೆದರು.
ಆ ಅರ್ಧ ಮಾತ್ರೆಯ ಮೌನದಲ್ಲಿ
ನನಗೆ ಕೇಳಿಸಿದ್ದು ಮುನ್ನೂರು ಮೂಗುಗಳ ಗಾಳಿ.

ಪತ್ರಿಕೆಯಲ್ಲಿ: ‘ಬಳಿಕ ಬ್ಯಾಂಡು ನುಡಿಯಿತು.’
ಲೆಕ್ಕದ ಪುಸ್ತಕದಲ್ಲಿ: ಲಾಡು, ಹದಿನಾಲ್ಕು ರೂಪಾಯಿ.
ವಾದ್ಯದವರಿಗೆ, ಎಂಟು.
ಅದರ ಮುಂದೆ ಒಂದು ಹೆಬ್ಬೆಟ್ಟು.

ಕೆಲ ವರ್ಷದ ಮೇಲೆ ಬೆಂಗಳೂರಿಂದ ರೆಕಾರ್ಡು ಬಂತು.
ಹೆಡ್ಮಾಸ್ತರರು ಮುಳ್ಳಿಟ್ಟು ಕೇಳಿಸಿ
‘ನೋಡ್ರೋ, ಇಲ್ಲಿ ನಿಲ್ಲೋ ಹಾಗಿಲ್ಲ,
ತಿದ್ಕೊಳ್ಳಿ’ ಅಂದರು. ಬೆತ್ತವೂ ಇತ್ತು.
ಕಾಗುಣಿತ ತಿದ್ದಬಹುದು.
ಮುಂದಿನ ಬೆಂಚಿನವರು ನಿಲ್ಲುವುದನ್ನು ಕೇಳಿಯೇ
ಹಿಂದಿನ ಬೆಂಚಿನವರು ಕಲಿತರು,
ಅಣ್ಣಂದಿರಿಂದ ತಂಗಿಯರು.

ಚೌರಪ್ಪ ಹೋದದ್ದು ಒಂದು ಮಂಗಳವಾರ.
ಊರಿನ ಹೆಣಗಳಿಗೆಲ್ಲ ನುಡಿಸಿದವನ ಹಿಂದೆ
ಬುಡೇನ್ ಸಾಬಿ ಒಬ್ಬನೇ
ಡ್ರಮ್ಮಿಲ್ಲದೆ ನಡೆದ.
ಕಾರ್ನೆಟ್ಟು ಗಾಂಧಿ ಬಜಾರಿನ ಪಾತ್ರೆಯಂಗಡಿಯಲ್ಲಿ
ತೂಕಕ್ಕೆ ಹೋಯಿತು.
ಎಷ್ಟು ತೂಗಿತೋ ಗೊತ್ತಿಲ್ಲ. ನಾನು ಆಗ ಊರಲ್ಲಿರಲಿಲ್ಲ.

ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆಯುತ್ತ
ಊರೂರು ಅಲೆದು ಕಲಬುರಗಿಗೆ ಬಿದ್ದೆ.
ಅಲ್ಲಿಯ ಕಚೇರಿಯಂಗಳದಲ್ಲಿ ಒಂದು ಬೆಳಿಗ್ಗೆ,
ಬಿಸಿಲು ಆಗಲೇ ಕುತ್ತಿಗೆಗೆ ಬಿದ್ದಿತ್ತು,
ಎಲ್ಲರೂ ಹಾಡುತ್ತಿದ್ದರು. ಕೊನೆಯ ಏರು ಬಂತು.
ನಾನು ನಿಂತೆ, ಗೊತ್ತಿಲ್ಲದೆ.
ಎರಡು ಸಾಲು ಮುಂದೆ ಟೈಪಿಸ್ಟ್ ಹೆಂಗಸೊಬ್ಬಳು,
ಹೊಸದಾಗಿ ವರ್ಗವಾಗಿ ಬಂದವಳು,
ಅವಳ ಭುಜ ಕೂಡ ಅಲ್ಲೇ
ಸಣ್ಣಗೆ ಮೇಲೆದ್ದು ಇಳಿಯಿತು.

ತಿರುಗಿ ನೋಡಿದಳು.
‘ಯಾವ ಶಾಲೆ?’ ಅಂತ ನಾನೂ ಕೇಳಲಿಲ್ಲ.
ಅಷ್ಟರಲ್ಲಿ ದೇಶ
ಅರ್ಧ ಮಾತ್ರೆ ಮುಂದೆ ಹೋಗಿತ್ತು.